ಹದಗೊಳಿಸಿದ ಇಳಿಜಾರಿಗೆ ಕಾರ್ವಿಂಗ್ ಸ್ಕೀ: ಯಾವ ತ್ರಿಜ್ಯ, ಎಷ್ಟು ನಡು, ಯಾರಿಗೆ?

ಹಿಮವನ್ನು ಒತ್ತಿ ಸಮಗೊಳಿಸುವ ಗ್ರೂಮಿಂಗ್ ಯಂತ್ರ ಹಾಯ್ದುಹೋದ ಇಳಿಜಾರು ಬೆಳಗಿನ ಹೊತ್ತು ಬಾಚಣಿಗೆಯಿಂದ ಬಾಚಿದ ತಲೆಯಂತೆ ಗೆರೆಗೆರೆಯಾಗಿ ಇರುತ್ತದೆ. ಅದರ ಮೇಲೆ ನಾಲ್ಕಾರು ತಿರುವು ತೆಗೆದುಕೊಂಡು, ಕೆಳಗೆ ನಿಂತು, ಬಂದ ದಾರಿಯನ್ನೊಮ್ಮೆ ತಿರುಗಿ ನೋಡಬೇಕು. ಪೆನ್ಸಿಲಿನಿಂದ ಎಳೆದಷ್ಟು ತೆಳುವಾದ ಎರಡು ಗೆರೆಗಳು ಜೊತೆಜೊತೆಯಾಗಿ ಬಾಗಿ ಬಂದಿದ್ದರೆ ಸ್ಕೀ ತನ್ನ ಉಕ್ಕಿನ ಅಂಚಿನ ಮೇಲೆಯೇ ಓಡಿದೆ ಎಂದರ್ಥ. ಗೆರೆಯ ಜಾಗದಲ್ಲಿ ಅಂಗೈ ಅಗಲದ, ಒರೆಸಿದಂತಹ ಗುರುತು ಇದ್ದರೆ ಅದು ಅಡ್ಡಕ್ಕೆ ಜಾರಿದೆ. ಕಾರ್ವಿಂಗ್ ಸ್ಕೀಗೆ ಇರುವ ಕೆಲಸ ಒಂದೇ, ಆ ತೆಳು ಗೆರೆಯನ್ನು ಎಳೆಯುವುದು. ಯಾವ ಜೋಡಿ ಒಳ್ಳೆಯದು ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಕೇಳುವ ಮರುಪ್ರಶ್ನೆಯೂ ಅದನ್ನೇ ಕುರಿತದ್ದು: ಎಷ್ಟು ವೇಗದಲ್ಲಿ, ಎಷ್ಟು ಅಗಲದ ಇಳಿಜಾರಿನಲ್ಲಿ, ದಿನದ ಎಷ್ಟು ಗಂಟೆಗಳವರೆಗೆ ನಿಮಗೆ ಆ ಗೆರೆ ಬೇಕು?

ಇಲ್ಲಿ ಹೋಲಿಸುತ್ತಿರುವುದು ಮೇಲ್ದರ್ಜೆಯ ಕಾರ್ವಿಂಗ್ ಸ್ಕೀಗಳನ್ನು ಮಾತ್ರ. ಇವು ಮರದ ತಿರುಳು ಮತ್ತು ಲೋಹದ ಹಾಳೆಗಳಿಂದ ಕಟ್ಟಿದ, ಸುಮಾರು 65ರಿಂದ 80 ಮಿ.ಮೀ. ನಡು (ಪಾದದ ಕೆಳಗಿನ, ಅತಿ ಕಿರಿದಾದ ಭಾಗದ ಅಗಲ) ಇರುವ, ಯಂತ್ರದಿಂದ ಹದಗೊಳಿಸಿದ ಗಟ್ಟಿ ಹಿಮಕ್ಕೆಂದೇ ರೂಪಿಸಿದ ಸ್ಕೀಗಳು. ಎರಡೂ ಸ್ಕೀಗಳನ್ನು ಜೊತೆಯಾಗಿಟ್ಟುಕೊಂಡು ಮಧ್ಯಮ ಇಳಿಜಾರಿನಲ್ಲಿ ನಿರಾಯಾಸವಾಗಿ ತಿರುಗಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆ ಹಂತಕ್ಕೆ ಇನ್ನೂ ಬಾರದವರಿಗೆ ಇಲ್ಲಿ ಹೇಳುವ ಯಾವ ಜೋಡಿಯೂ ಕಲಿಕೆಗೆ ನೆರವಾಗುವುದಿಲ್ಲ, ಬದಲಿಗೆ ಅಡ್ಡಿಯಾಗುತ್ತದೆ.

ಮೊದಲು ತ್ರಿಜ್ಯ

ಸಾಮಾನ್ಯವಾಗಿ ಸ್ಕೀಯ ಮೇಲೆ ಮೂರು ಅಗಲಗಳು ಮತ್ತು ಒಂದು ತ್ರಿಜ್ಯ ಅಚ್ಚಾಗಿರುತ್ತವೆ. 120, 68, 104 ಎಂದು ಬರೆದಿದ್ದರೆ ಮುಂತುದಿಯ ಅಗಲ 120 ಮಿ.ಮೀ., ನಡು 68, ಹಿಂತುದಿ 104 ಎಂದು ಓದಿಕೊಳ್ಳಬೇಕು. ಎರಡು ತುದಿಗಳ ಸರಾಸರಿ 112. ಅದರಲ್ಲಿ ನಡುವನ್ನು ಕಳೆದರೆ 44. ಅಂದರೆ ಪ್ರತಿ ಬದಿಯಲ್ಲೂ 22 ಮಿ.ಮೀ. ಆಳದ ಕೊರೆತವಿದೆ. ಸೈಡ್‌ಕಟ್ ಎಂದು ಕರೆಯುವುದು ಇದನ್ನೇ. ಹಿಮವನ್ನು ಮುಟ್ಟುವ ಅಂಚಿನ ಉದ್ದ 1.45 ಮೀಟರ್ ಎಂದು ಹಿಡಿದರೆ ಈ ಬಾಗು ಸರಿಸುಮಾರು 12 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕಾಗುತ್ತದೆ. ಇದೇ ಅಗಲಗಳನ್ನು ಉಳಿಸಿಕೊಂಡು ಅಂಚನ್ನು 10 ಸೆಂ.ಮೀ. ಉದ್ದ ಮಾಡಿದರೆ ತ್ರಿಜ್ಯ 13.5 ಮೀಟರ್ ದಾಟುತ್ತದೆ. ಆದ್ದರಿಂದ ಒಂದು ಮಾದರಿಯ ತ್ರಿಜ್ಯ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾವ ಉದ್ದದಲ್ಲಿ ಎಂದು ಕೇಳದೆ ಮುಂದೆ ಹೋಗಬಾರದು.

ಅಚ್ಚಾಗಿರುವ ತ್ರಿಜ್ಯವು ಸ್ಕೀ ಚಪ್ಪಟೆಯಾಗಿದ್ದಾಗಿನ ಅಳತೆ. ಅದನ್ನು ಅಂಚಿನ ಮೇಲೆ ವಾಲಿಸಿ ಭಾರ ಹಾಕಿದಾಗ ನಡು ಹಿಮಕ್ಕೆ ತಾಗುವವರೆಗೆ ಸ್ಕೀ ಬಾಗುತ್ತದೆ, ತಿರುವು ಇನ್ನೂ ಬಿಗಿಯಾಗುತ್ತದೆ. ಹೆಚ್ಚು ವಾಲಿಸಿದಷ್ಟೂ ತಿರುವು ಚಿಕ್ಕದು: 45 ಡಿಗ್ರಿ ವಾಲಿದ 13 ಮೀಟರ್ ಸ್ಕೀ ಸುಮಾರು 9 ಮೀಟರಿನ ತಿರುವನ್ನು ಕೊಡುತ್ತದೆ, 60 ಡಿಗ್ರಿಯಲ್ಲಿ ಅದು 6.5 ಮೀಟರಿಗೆ ಇಳಿಯುತ್ತದೆ. ಹೀಗೆ ವಾಲಲು ಬೇಕಾದ ಆಸರೆಯನ್ನು ಕೊಡುವುದು ವೇಗ. ಸೈಕಲ್ ಸವಾರ ತಿರುವಿನಲ್ಲಿ ಒಳಕ್ಕೆ ಬಾಗುವುದೂ ಇದೇ ಲೆಕ್ಕದ ಮೇಲೆ; ನಿಧಾನವಾಗಿ ಹೋಗುತ್ತ ಅಷ್ಟೇ ಬಾಗಿದರೆ ಅವನು ಬೀಳುತ್ತಾನೆ.

ಇಳಿಜಾರು ಎಷ್ಟು ಕಡಿದು ಎಂಬುದು, ಸೊಂಟ ಮತ್ತು ಮಂಡಿಗಳಿಂದ ಮಾಡುವ ಹೊಂದಾಣಿಕೆ ಇವುಗಳನ್ನು ಬದಿಗಿಟ್ಟು ಭೌತಶಾಸ್ತ್ರದ ಸರಳ ಲೆಕ್ಕವನ್ನಷ್ಟೇ ಮಾಡಿದರೂ ಆಯ್ಕೆಯ ಅರ್ಧ ದಾರಿ ಸ್ಪಷ್ಟವಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ 13 ಮೀಟರ್ ತ್ರಿಜ್ಯದ ಸ್ಕೀ ಸುಮಾರು 33 ಡಿಗ್ರಿ ವಾಲಿದಾಗ ಸಮತೋಲ ಸಿಗುತ್ತದೆ. 18 ಮೀಟರಿನದು 23 ಡಿಗ್ರಿಗೇ ನಿಲ್ಲುತ್ತದೆ. 30 ಮೀಟರಿನ ಪಂದ್ಯದ ಸ್ಕೀ 14 ಡಿಗ್ರಿಯನ್ನೂ ಮುಟ್ಟುವುದಿಲ್ಲ. ವೇಗವನ್ನು 36 ಕಿ.ಮೀ.ಗೆ ಏರಿಸಿದರೆ ಮೊದಲನೆಯದು 52 ಡಿಗ್ರಿಯವರೆಗೆ ಹೋಗುತ್ತದೆ, ಎರಡನೆಯದು 34ರ ಆಸುಪಾಸಿಗೆ ಬರುತ್ತದೆ, ಮೂರನೆಯದು 20ಕ್ಕೆ ತಲುಪುತ್ತದೆ. ಆ ವೇಗದಲ್ಲಿ ಒಂದು ತಿರುವನ್ನು ಅಡ್ಡಕ್ಕೆ ಪೂರ್ತಿ ಮುಗಿಸಲು 13 ಮೀಟರಿನ ಸ್ಕೀಗೆ ಕೆಳಮುಖವಾಗಿ 16 ಮೀಟರ್ ಜಾಗ ಸಾಕು. 18ರದಕ್ಕೆ 30 ಮೀಟರ್ ಬೇಕು. 30ರದಕ್ಕೆ 56 ಮೀಟರ್ ಬೇಕು. ಆ 56 ಮೀಟರಿನ ಬಹುಪಾಲು ದೂರ ಸ್ಕೀ ಇಳಿಜಾರಿಗೆ ಮುಖಮಾಡಿಯೇ ಇರುವುದರಿಂದ ವೇಗವೂ ಕೂಡುತ್ತಲೇ ಹೋಗುತ್ತದೆ. ಜನರಿರುವ ಸಾಮಾನ್ಯ ಇಳಿಜಾರಿನಲ್ಲಿ ಅಷ್ಟು ಜಾಗ ಎಲ್ಲಿ ಸಿಗುತ್ತದೆ ಎಂದು ಯೋಚಿಸಿದರೆ ಹಲವರ ಆಯ್ಕೆ ಅಲ್ಲೇ ಬದಲಾಗಬೇಕು.

ಲೆಕ್ಕದ ಇನ್ನೊಂದು ಮುಖವನ್ನೂ ಗಮನಿಸಬೇಕು. ಸ್ಕೀಯ ತ್ರಿಜ್ಯ ಚಿಕ್ಕದಾದಷ್ಟೂ, ಅದು ಅಂಚಿನ ಮೇಲೆ ಹಿಡಿದಿಡಬಲ್ಲ ವೇಗಕ್ಕೆ ಒಂದು ಮಿತಿ ಬೇಗ ಬರುತ್ತದೆ. ಇದೇ ಸರಳ ಲೆಕ್ಕದಲ್ಲಿ 13 ಮೀಟರಿಗೆ ಆ ಮಿತಿ ಗಂಟೆಗೆ ಸುಮಾರು 40 ಕಿ.ಮೀ., 18ಕ್ಕೆ 48, 30ಕ್ಕೆ 62. ಅದರಾಚೆಗೂ ಸ್ಕೀ ಓಡುತ್ತದೆ, ನುರಿತವರು ಓಡಿಸುತ್ತಾರೆ. ಆದರೆ ತಿರುವಿನುದ್ದಕ್ಕೂ ಶುದ್ಧ ಗೆರೆ ಉಳಿಯುವುದಿಲ್ಲ, ಅಲ್ಲಲ್ಲಿ ಸ್ವಲ್ಪ ಜಾರಿಸಲೇಬೇಕಾಗುತ್ತದೆ. ಚಿಕ್ಕ ತ್ರಿಜ್ಯದ ಸ್ಕೀಯ ಮೇಲೆ ನೆಟ್ಟಗೆ ವೇಗವಾಗಿ ಇಳಿಯುವಾಗ ಅದು ಆಚೆಈಚೆ ಕುಣಿಯುವಂತೆ ಅನ್ನಿಸುವುದಕ್ಕೂ ಕಾರಣ ಅದರ ಆಕಾರವೇ. ಅಂಚು ತುಸು ತಾಗಿದರೂ ಅದು ತಿರುವಿಗೆ ಎಳೆಯುತ್ತದೆ.

ಸ್ಲಾಲಮ್ ಬಗೆ

ಸ್ಲಾಲಮ್ ಎಂದರೆ ಹತ್ತಿರಹತ್ತಿರ ನೆಟ್ಟ ಕಂಬಗಳ ನಡುವೆ ಚಿಕ್ಕ ತಿರುವುಗಳಲ್ಲಿ ಇಳಿಯುವ ಪಂದ್ಯ. ಅದರ ಮಾದರಿಯ ಸ್ಕೀಗೆ ಸುಮಾರು 12ರಿಂದ 13 ಮೀಟರ್ ತ್ರಿಜ್ಯ, 65ರಿಂದ 68 ಮಿ.ಮೀ. ನಡು, ಗಂಡಸರಿಗೆ 165 ಮತ್ತು ಹೆಂಗಸರಿಗೆ 155 ಸೆಂ.ಮೀ. ಆಸುಪಾಸಿನ ಉದ್ದ. ಈ ಉದ್ದಗಳು ಬಂದಿರುವುದು ಪಂದ್ಯದ ನಿಯಮದಿಂದ: ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟವಾದ ಎಫ್‌ಐಎಸ್‌ನ ಮೇಲ್ಮಟ್ಟದ ಸ್ಪರ್ಧೆಗಳಲ್ಲಿ ಸ್ಲಾಲಮ್ ಸ್ಕೀ ಪುರುಷರಿಗೆ 165, ಮಹಿಳೆಯರಿಗೆ 155 ಸೆಂ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಅಟಾಮಿಕ್‌ನ ರೆಡ್‌ಸ್ಟರ್ ಎಸ್9, ರೊಸಿನ್ಯೋಲ್‌ನ ಹೀರೋ ಎಲೀಟ್ ಎಸ್‌ಟಿ, ಹೆಡ್‌ನ ವರ್ಲ್ಡ್‌ಕಪ್ ರೆಬೆಲ್ಸ್ ಇ-ಎಸ್‌ಎಲ್, ನಾರ್ಡಿಕಾದ ಡೋಬರ್‌ಮನ್ ಎಸ್‌ಎಲ್‌ಆರ್, ಸ್ಟೋಕ್ಲಿಯ ಲೇಸರ್ ಎಸ್‌ಎಲ್ ಈ ಗುಂಪಿನವು. ಹೆಸರಿನ ಅಕ್ಷರಗಳಲ್ಲೇ ಸುಳಿವಿದೆ. ಎಸ್ ಮತ್ತು ಎಸ್‌ಎಲ್ ಸ್ಲಾಲಮ್ಮನ್ನು, ಎಸ್‌ಟಿ ಚಿಕ್ಕ ತಿರುವನ್ನು, ಜಿ ಮತ್ತು ಜಿಎಸ್ ಜೈಂಟ್ ಸ್ಲಾಲಮ್ಮನ್ನು, ಎಲ್‌ಟಿ ಉದ್ದ ತಿರುವನ್ನು ಸೂಚಿಸುತ್ತವೆ.

ಗಂಟೆಗೆ 25ರಿಂದ 40 ಕಿ.ಮೀ. ನಡುವೆ ಆಡುವವರಿಗೆ, ಅಂದರೆ ಹದಗೊಳಿಸಿದ ಇಳಿಜಾರಿನ ಬಹುಪಾಲು ಒಳ್ಳೆಯ ಸ್ಕೀಗಾರರಿಗೆ, ಹೆಚ್ಚು ಸಂತೋಷ ಕೊಡುವ ಬಗೆ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಡಿಮೆ ವೇಗದಲ್ಲೇ ಆಳವಾಗಿ ವಾಲಬಹುದು, ಕಿರಿದಾದ ಇಳಿಜಾರಿನಲ್ಲೂ ತಿರುವನ್ನು ಪೂರ್ತಿ ಮುಗಿಸಬಹುದು, ಮುಗಿಸಿದ ತಿರುವಿನಿಂದಲೇ ವೇಗವನ್ನು ಹತೋಟಿಯಲ್ಲಿಡಬಹುದು. ನಡು ಕಿರಿದಾಗಿರುವುದರಿಂದ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಇದರ ಕಷ್ಟವನ್ನೂ ಮುಚ್ಚಿಡಬಾರದು. ಹಿಂತುದಿ ಪೆಡಸಾಗಿರುವ ಸ್ಲಾಲಮ್ ಸ್ಕೀ ತಿರುವಿನ ಕೊನೆಯಲ್ಲಿ ಬಿಲ್ಲಿನಂತೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ದೇಹದ ಭಾರ ಹಿಮ್ಮಡಿಯ ಮೇಲಿದ್ದರೆ ಅದು ನಿಮ್ಮನ್ನು ಹಿಂದಕ್ಕೆ ಎತ್ತಿ ಹಾಕುತ್ತದೆ, ಮುಂದಿನ ತಿರುವಿಗೆ ನೀವು ತಡವಾಗಿ ತಲುಪುತ್ತೀರಿ, ಮೂರನೆಯ ತಿರುವಿನ ಹೊತ್ತಿಗೆ ಸ್ಕೀ ಎಳೆದತ್ತ ನೀವು ಹೋಗುತ್ತಿರುತ್ತೀರಿ. ಮಧ್ಯಾಹ್ನದ ನಂತರ ಹಿಮ ಕಡಿದು ಗುಡ್ಡೆಗುಡ್ಡೆಯಾದಾಗ ಈ ಚಿಮ್ಮುವಿಕೆ ಸುಸ್ತು ಮಾಡುತ್ತದೆ. ಆದ್ದರಿಂದ ಈ ಗುಂಪಿನೊಳಗೇ ತುಸು ಮೃದುವಾದ ಕಟ್ಟಿನ ಜೋಡಿಯನ್ನು ಹುಡುಕುವುದು ಜಾಣತನ. ಒಂದೇ ಹೆಸರಿನ ಸಾಲಿನಲ್ಲಿ ಪಂದ್ಯಕ್ಕೆಂದು ತಯಾರಾದ ಗಡಸು ಜೋಡಿಯೂ ಸಾರ್ವಜನಿಕರಿಗೆಂದು ತಯಾರಾದ ಜೋಡಿಯೂ ಅಕ್ಕಪಕ್ಕದಲ್ಲಿ ಒಂದೇ ಬಣ್ಣದಲ್ಲಿ ನಿಂತಿರುತ್ತವೆ. ಮೊದಲನೆಯದಕ್ಕೆ ಎಫ್‌ಐಎಸ್ ಗುರುತು ಇರುತ್ತದೆ. ಕಂಬಗಳ ನಡುವೆ ಸಮಯ ಅಳೆಯಿಸಿಕೊಳ್ಳುವವರನ್ನು ಬಿಟ್ಟು ಉಳಿದವರು ಅದನ್ನು ಮುಟ್ಟಬೇಕಾಗಿಲ್ಲ.

ಜೈಂಟ್ ಸ್ಲಾಲಮ್ ಬಗೆ

ಜೈಂಟ್ ಸ್ಲಾಲಮ್ ಎಂದರೆ ಕಂಬಗಳು ಇನ್ನೂ ದೂರದೂರ ಇರುವ, ವೇಗ ಹೆಚ್ಚಿರುವ ಪಂದ್ಯ. ಸಾರ್ವಜನಿಕರಿಗೆಂದು ತಯಾರಾಗುವ ಜೈಂಟ್ ಸ್ಲಾಲಮ್ ಸ್ಕೀಯ ತ್ರಿಜ್ಯ ಸಾಮಾನ್ಯವಾಗಿ 17ರಿಂದ 19 ಮೀಟರ್, ಉದ್ದ 175ರಿಂದ 183 ಸೆಂ.ಮೀ. ಇರುತ್ತದೆ. ರೆಡ್‌ಸ್ಟರ್ ಜಿ9, ಹೀರೋ ಎಲೀಟ್ ಎಲ್‌ಟಿ, ಡೋಬರ್‌ಮನ್ ಜಿಎಸ್‌ಆರ್ ಇಂಥವು. ನಿಜವಾದ ಪಂದ್ಯದ ಸ್ಕೀ ಇದಕ್ಕಿಂತ ಬಹಳ ದೂರದ್ದು: ಪುರುಷರಿಗೆ 193 ಸೆಂ.ಮೀ. ಉದ್ದ ಮತ್ತು 30 ಮೀಟರ್ ತ್ರಿಜ್ಯ, ಮಹಿಳೆಯರಿಗೆ 188 ಸೆಂ.ಮೀ. ಮತ್ತು ಅದೇ 30 ಮೀಟರ್.

ತ್ರಿಜ್ಯವೊಂದು ಬದಲಾದರೆ ಇಡೀ ಕಲೆಯೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪಂದ್ಯಗಳ ಇತಿಹಾಸದಲ್ಲೇ ಒಳ್ಳೆಯ ಉದಾಹರಣೆಯಿದೆ. ಗಾಯಗಳನ್ನು ಕಡಿಮೆ ಮಾಡುವ ಉದ್ದೇಶದಿಂದ ಎಫ್‌ಐಎಸ್ 2012–13ರ ಋತುವಿನಿಂದ ಪುರುಷರ ಜೈಂಟ್ ಸ್ಲಾಲಮ್ ಸ್ಕೀಯ ತ್ರಿಜ್ಯವನ್ನು 35 ಮೀಟರಿಗೆ ಏರಿಸಿತು. ಈ ಬದಲಾವಣೆಯನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಅಮೆರಿಕದ ಟೆಡ್ ಲಿಗೆಟಿ ಮುಂಚೂಣಿಯಲ್ಲಿದ್ದರು. ಅದೇ ಲಿಗೆಟಿ 2012ರ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ಹೊಸ ಸ್ಕೀಯ ಮೇಲೆ 2.75 ಸೆಕೆಂಡುಗಳ ಅಂತರದಿಂದ ಗೆದ್ದರು. ಉಳಿದವರು ತಿರುವಿನ ಆರಂಭದಲ್ಲಿ ಸ್ಕೀಯನ್ನು ಅಡ್ಡಕ್ಕೆ ಜಾರಿಸಿ ದಿಕ್ಕು ಹೊಂದಿಸಿಕೊಳ್ಳುವಲ್ಲಿ, ಅವರು ಬಹಳ ಮೊದಲೇ ಆಳವಾಗಿ ವಾಲಿ ಅಂಚನ್ನು ಹಿಡಿಯುತ್ತಿದ್ದರು. 2017–18ರಿಂದ ತ್ರಿಜ್ಯ ಮತ್ತೆ 30 ಮೀಟರಿಗೆ ಇಳಿಯಿತು. ವಿಶ್ವದ ಅತ್ಯುತ್ತಮರಿಗೇ ಕೆಲವೇ ಮೀಟರಿನ ವ್ಯತ್ಯಾಸ ಅಷ್ಟು ದೊಡ್ಡದಾಗಿದ್ದರೆ, ನಮಗೆ 13 ಮತ್ತು 18ರ ನಡುವಿನ ವ್ಯತ್ಯಾಸ ಸಣ್ಣದೆಂದು ತಿಳಿಯುವುದು ತಪ್ಪು.

ನಾನು ಒಂದು ಇಡೀ ಋತು 18 ಮೀಟರ್ ತ್ರಿಜ್ಯದ, 180 ಸೆಂ.ಮೀ. ಉದ್ದದ ಜೋಡಿಯೊಂದನ್ನು ಬಳಸಿದ್ದೇನೆ. ಬೆಳಗಿನ ಖಾಲಿ, ಅಗಲವಾದ ಇಳಿಜಾರಿನಲ್ಲಿ ಅದು ಕೊಡುವ ಭರವಸೆಯನ್ನು ಸ್ಲಾಲಮ್ ಸ್ಕೀ ಎಂದೂ ಕೊಡದು. ವೇಗ ಏರಿದಷ್ಟೂ ಅದು ಹಳಿಯ ಮೇಲಿನ ರೈಲಿನಂತೆ ಶಾಂತವಾಗುತ್ತ ಹೋಗುತ್ತದೆ. ಆದರೆ ಹತ್ತು ಗಂಟೆಯ ಹೊತ್ತಿಗೆ ಜನ ಸೇರಿ, ವೇಗವನ್ನು ಮೂವತ್ತಕ್ಕೆ ಇಳಿಸಬೇಕಾದಾಗ, ಆ ಸ್ಕೀಯನ್ನು ಬಗ್ಗಿಸುವಷ್ಟು ಬಲ ನನ್ನ ಕೆಳಗೆ ಉಳಿಯುತ್ತಿರಲಿಲ್ಲ. ಬಾಗದ ಸ್ಕೀಯನ್ನು ತಿರುಗಿಸಲು ತೊಡೆಯಿಂದ ತಳ್ಳಬೇಕು, ತಳ್ಳಿದರೆ ಜಾರುತ್ತದೆ. ಮಧ್ಯಾಹ್ನದೊಳಗೆ ತೊಡೆ ಉರಿಯತೊಡಗುತ್ತಿತ್ತು, ಹಿಂತಿರುಗಿ ನೋಡಿದರೆ ಗೆರೆಯ ಬದಲು ಒರೆಸಿದ ಗುರುತೇ ಕಾಣುತ್ತಿತ್ತು. ಸ್ಕೀಯಲ್ಲಿ ದೋಷವಿರಲಿಲ್ಲ, ಅದಕ್ಕೆ ಬೇಕಾದ ವೇಗ ಮತ್ತು ಜಾಗ ನನ್ನ ದಿನದ ಮೊದಲ ಒಂದು ಗಂಟೆಯಲ್ಲಿ ಮಾತ್ರ ಇತ್ತು. ಗಂಟೆಗೆ 45 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ನಿರಂತರವಾಗಿ, ಹತೋಟಿಯಲ್ಲಿ, ಅಗಲ ಇಳಿಜಾರಿನಲ್ಲಿ ಇಳಿಯುವ ಅವಕಾಶ ನಿಮಗಿದ್ದರೆ ಈ ಬಗೆಯನ್ನು ಕಣ್ಣುಮುಚ್ಚಿ ಆರಿಸಬಹುದು.

ಇವೆರಡರ ನಡುವಿನ ಬಗೆ

ಸುಮಾರು 14ರಿಂದ 16 ಮೀಟರ್ ತ್ರಿಜ್ಯದ, 168ರಿಂದ 176 ಸೆಂ.ಮೀ. ಉದ್ದದ ಜೋಡಿಗಳು ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ಗಳ ನಡುವೆ ನಿಲ್ಲುತ್ತವೆ. ರೆಡ್‌ಸ್ಟರ್ ಎಕ್ಸ್9, ಹೀರೋ ಎಲೀಟ್ ಎಂಟಿ, ಸ್ಟೋಕ್ಲಿಯ ಲೇಸರ್ ಎಸ್‌ಎಕ್ಸ್ ಈ ಬಗೆಯವು. ಕೆಲವದರಲ್ಲಿ ಮುಂಭಾಗ, ನಡುಭಾಗ, ಹಿಂಭಾಗಗಳಿಗೆ ಬೇರೆಬೇರೆ ತ್ರಿಜ್ಯಗಳನ್ನು ಬೆಸೆದಿರುತ್ತಾರೆ. ಭಾರವನ್ನು ತುಸು ಮುಂದಕ್ಕೆ ಹಾಕಿದರೆ ಚಿಕ್ಕ ತಿರುವು, ನಡುವೆ ನಿಂತರೆ ಉದ್ದ ತಿರುವು ಸಿಗಲಿ ಎಂಬುದು ಅದರ ಉದ್ದೇಶ.

ಒಂದೇ ಜೋಡಿ ಇಟ್ಟುಕೊಳ್ಳುವವರಿಗೆ, ಬೇರೆಬೇರೆ ಅಗಲದ ಇಳಿಜಾರುಗಳಲ್ಲಿ ಇಳಿಯುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸ್ಲಾಲಮ್ಮಿನ ಚುರುಕು ಪೂರ್ತಿಯಾಗಿ ಸಿಗದಿದ್ದರೂ, ಅದರ ಚಿಮ್ಮುವ ಸ್ವಭಾವವೂ ಇರುವುದಿಲ್ಲ. ವೇಗ ನಲವತ್ತೈದಕ್ಕೆ ಏರಿದರೂ ಕಾಲಡಿಯಲ್ಲಿ ನಡುಕವಿರುವುದಿಲ್ಲ. ಎತ್ತರವಾಗಿ, ಭಾರವಾಗಿ ಇರುವವರಿಗೆ 165 ಸೆಂ.ಮೀ. ಸ್ಲಾಲಮ್ ಸ್ಕೀಯ ಮೇಲೆ ಮುಂದಕ್ಕೆ ಮುಗ್ಗರಿಸಿದಂತೆ ಅನ್ನಿಸುವುದುಂಟು. ಅವರಿಗೂ ಈ ಉದ್ದ ಹೆಚ್ಚು ಒಗ್ಗುತ್ತದೆ.

ಅಗಲ ನಡುವಿನ ಕಾರ್ವರ್‌ಗಳು

ನಡು 72ರಿಂದ 80 ಮಿ.ಮೀ. ಇರುವ ಜೋಡಿಗಳು ಬೇರೆಯೇ ಒಂದು ಕಾಳಜಿಯಿಂದ ಹುಟ್ಟಿದವು. ಹೆಡ್‌ನ ಸೂಪರ್‌ಶೇಪ್ ಸಾಲಿನ ಇ-ಮ್ಯಾಗ್ನಮ್ 72 ಮಿ.ಮೀ. ನಡು ಇರುವಂಥದ್ದು, ಸ್ಟೋಕ್ಲಿಯ ಲೇಸರ್ ಎಎಕ್ಸ್ 78, ಫೋಲ್ಕ್ಲ್‌ನ ಡೀಕನ್ 76 ತನ್ನ ಅಗಲವನ್ನು ಹೆಸರಿನಲ್ಲೇ ಹೊತ್ತಿದೆ. ಬಿಸಿಲಿಗೆ ಮೆತ್ತಗಾದ ಹಿಮ, ಮಧ್ಯಾಹ್ನದ ಕಡಿದ ಗುಡ್ಡೆಗಳು, ಹದಗೊಳಿಸಿದ ಮೇಲೆ ಬಿದ್ದ ನಾಲ್ಕು ಬೆರಳು ಹೊಸ ಹಿಮ ಇವುಗಳಲ್ಲಿ ಅಗಲ ಸ್ಕೀ ಹೂತುಹೋಗದೆ ತೇಲುತ್ತದೆ, ಸಮಾಧಾನವಾಗಿ ಸಾಗುತ್ತದೆ.

ಗಟ್ಟಿ ಹಿಮದ ಮೇಲೆ ಮಾತ್ರ ಅಗಲಕ್ಕೆ ತೆರಬೇಕಾದ ಬೆಲೆಯಿದೆ. ಸ್ಕೀಯನ್ನು ವಾಲಿಸಿದಾಗ ಹಿಮದ ಒತ್ತಡವೆಲ್ಲ ಒಂದೇ ಅಂಚಿನ ಮೇಲೆ ಬೀಳುತ್ತದೆ. ಆ ಅಂಚು ಪಾದದ ಮಧ್ಯರೇಖೆಯಿಂದ ದೂರವಾದಷ್ಟೂ ಸ್ಕೀಯನ್ನು ಮತ್ತೆ ಚಪ್ಪಟೆ ಮಾಡಲು ಯತ್ನಿಸುವ ತಿರುಚು ಹೆಚ್ಚುತ್ತದೆ, ಅದನ್ನು ತಡೆದುಕೊಳ್ಳಬೇಕಾದದ್ದು ಪಾದದ ಕೀಲು ಮತ್ತು ಮಂಡಿ. ಬೂಟಿನ ಅಡಿಭಾಗದ ಅಗಲಕ್ಕೆ ನಡು ಹತ್ತಿರವಾದಂತೆ ಈ ಹೊರೆ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಮಂಡಿ ನೋವಿರುವವರು ಅಗಲ ಸ್ಕೀ ಆರಾಮದಾಯಕ ಎಂಬ ಮಾತನ್ನು ಕೇಳಿ ಎಂಬತ್ತರ ನಡುವನ್ನು ಕೊಂಡು ಮಂಜುಗಡ್ಡೆಯಂತಹ ಹಿಮದಲ್ಲಿ ಬಳಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿಮ್ಮ ಇಳಿಜಾರು ಬಹುಪಾಲು ದಿನ ಗಟ್ಟಿಯಾಗಿಯೇ ಇರುತ್ತದೆ ಎಂದಾದರೆ 72 ಮಿ.ಮೀ. ದಾಟಬೇಡಿ, ಬಿಸಿಲಿನ, ಮೆತ್ತನೆಯ ದಿನಗಳೇ ಹೆಚ್ಚಾದರೆ 76ರ ಆಚೆಗೆ ಹೋಗಬಹುದು.

ಒಳಗಿನ ಕಟ್ಟು

ಈ ದರ್ಜೆಯ ಬಹುತೇಕ ಎಲ್ಲ ಸ್ಕೀಗಳ ಮೇಲೂ ಟೈಟನಾಲ್ ಅಥವಾ ಅದನ್ನು ಸೂಚಿಸುವ ಅಕ್ಷರಗಳು ಇರುತ್ತವೆ. ಇದನ್ನು ಟೈಟೇನಿಯಂ ಎಂದು ಭಾವಿಸುವವರು ಬಹಳ. ವಾಸ್ತವವಾಗಿ ಇದು ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ. ಅರ್ಧ ಮಿಲಿಮೀಟರ್ ಆಸುಪಾಸಿನ ಎರಡು ಹಾಳೆಗಳು ಮರದ ತಿರುಳಿನ ಮೇಲೊಂದು ಕೆಳಗೊಂದು ಕೂತು, ಸ್ಕೀ ತಿರುಚಿಕೊಳ್ಳದಂತೆ ನೋಡಿಕೊಳ್ಳುತ್ತವೆ, ಕಂಪನವನ್ನು ತಗ್ಗಿಸುತ್ತವೆ. ಕಾರ್ವಿಂಗಿಗೆ ಬೇಕಾದದ್ದು ಉದ್ದಕ್ಕೆ ಸುಲಭವಾಗಿ ಬಾಗುವ, ಅಡ್ಡಕ್ಕೆ ತಿರುಚಿಕೊಳ್ಳದ ಸ್ಕೀ. ಮುಂತುದಿ ತಿರುಚಿಕೊಂಡರೆ ಅಲ್ಲಿನ ಅಂಚು ಹಿಮದಿಂದ ಬಿಟ್ಟುಕೊಳ್ಳುತ್ತದೆ, ತಿರುವಿನ ಆರಂಭವೇ ಮಸುಕಾಗುತ್ತದೆ.

ತಯಾರಕರು ಇದರ ಮೇಲೆ ತಮ್ಮತಮ್ಮ ತಂತ್ರಗಳನ್ನು ಸೇರಿಸುತ್ತಾರೆ. ಹೆಡ್ ತನ್ನ ಇ ಸಾಲಿನಲ್ಲಿ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಹೀರುವ ಪೀಜೋ ಬಿಲ್ಲೆಗಳನ್ನು ಕೂರಿಸುತ್ತದೆ. ಅಟಾಮಿಕ್‌ನ ರೆವೋಶಾಕ್ ಉಕ್ಕು ಮತ್ತು ರಬ್ಬರಿನಂತಹ ವಸ್ತುವಿನ ಘಟಕ. ಇವು ಕೆಲಸ ಮಾಡುತ್ತವೆ. ಆದರೂ ಆಯ್ಕೆಯನ್ನು ಇವುಗಳ ಮೇಲೆ ನಿಲ್ಲಿಸಬಾರದು ಎಂದು ಹೇಳುತ್ತೇನೆ. ತ್ರಿಜ್ಯ, ನಡು, ಪೆಡಸು ಹೊಂದದಿದ್ದರೆ ಯಾವ ಘಟಕವೂ ಅದನ್ನು ಸರಿಪಡಿಸುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಜೋಡಿಯ ಎರಡು ಸ್ಕೀಗಳ ತಳಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿ ಬದಿಯಿಂದ ನೋಡಿ. ನಡುವೆ ಕಾಣುವ ಸಂದು ಕಮಾನಿನದು; ನೀವು ನಿಂತಾಗ ಆ ಕಮಾನು ಒತ್ತಿಕೊಂಡು ತುದಿಗಳವರೆಗೆ ಭಾರವನ್ನು ಹಂಚುತ್ತದೆ. ಮುಂತುದಿಯ ಹತ್ತಿರ ಎರಡೂ ಎಷ್ಟು ಬೇಗ ಬೇರ್ಪಡುತ್ತವೆ ಎಂಬುದನ್ನು ಗಮನಿಸಿ. ತುದಿಗೆ ಹತ್ತಿರದಲ್ಲೇ ಬೇರ್ಪಟ್ಟರೆ ರಾಕರ್ (ತುದಿಯ ಭಾಗ ಮೇಲಕ್ಕೆ ಎದ್ದಿರುವ ಬಾಗು) ಕಡಿಮೆ, ಅಂಚು ಉದ್ದಕ್ಕೂ ಹಿಡಿಯುತ್ತದೆ, ಆದರೆ ತಿರುವನ್ನು ನಿಖರವಾಗಿ ಆರಂಭಿಸಬೇಕು. ಬೇಗ ಬೇರ್ಪಟ್ಟರೆ ತಿರುವಿಗೆ ಇಳಿಯುವುದು ಸುಲಭ, ಗಟ್ಟಿ ಹಿಮದಲ್ಲಿ ಹಿಡಿತ ತುಸು ಕಡಿಮೆ. ಆಮೇಲೆ ಹಿಂತುದಿಯನ್ನು ನೆಲಕ್ಕೂರಿ, ಒಂದು ಕೈಯಲ್ಲಿ ಮುಂತುದಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವನ್ನು ತಳ್ಳಿ. ಎರಡು ಮೂರು ಜೋಡಿಗಳನ್ನು ಒಂದರ ಹಿಂದೆ ಒಂದು ತಳ್ಳಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಉದ್ದ, ಬೂಟು, ಬೈಂಡಿಂಗ್

ತಲೆಗಿಂತ ಒಂದು ಗೇಣು ಎತ್ತರದ ಸ್ಕೀ ಬೇಕೆಂಬ ಹಳೆಯ ನಂಬಿಕೆ ಸೈಡ್‌ಕಟ್ ಕಡಿಮೆಯಿದ್ದ ಕಾಲದ್ದು. ನಡು ಕಿರಿದಾದ ಸ್ಕೀಯನ್ನು ನಾರ್ವೆಯ ಟೆಲೆಮಾರ್ಕಿನ ಸೊಂಡ್ರೆ ನೋರ್‌ಹೈಮ್ 19ನೆಯ ಶತಮಾನದಲ್ಲೇ ಬಳಕೆಗೆ ತಂದಿದ್ದರೂ, ಕೊರೆತವನ್ನು ಧೈರ್ಯವಾಗಿ ಆಳ ಮಾಡಿದ್ದು ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್. ಅದು ಹೊರಬಂದದ್ದು 1993ರಲ್ಲಿ. ಅಲ್ಲಿಂದಾಚೆಗೆ ಉದ್ದ ಇಳಿಯುತ್ತ ಬಂದು, ಈಗ ಸ್ಲಾಲಮ್ ಬಗೆ ಗಲ್ಲದ ಮಟ್ಟಕ್ಕೂ ಜೈಂಟ್ ಸ್ಲಾಲಮ್ ಬಗೆ ಹಣೆಯಿಂದ ನೆತ್ತಿಯ ಮಟ್ಟಕ್ಕೂ ನಿಂತರೆ ಹೆಚ್ಚಿನವರಿಗೆ ಸರಿಯಾಗುತ್ತದೆ. ಎತ್ತರಕ್ಕಿಂತ ತೂಕ ಮತ್ತು ವೇಗವೇ ಇಲ್ಲಿ ಮುಖ್ಯ, ಏಕೆಂದರೆ ಸ್ಕೀಯನ್ನು ಬಗ್ಗಿಸುವುದು ಅವೇ.

ಬೂಟು ಮೆತ್ತಗಿದ್ದರೆ ಈ ದರ್ಜೆಯ ಸ್ಕೀ ವ್ಯರ್ಥ. ನೀವು ಮಂಡಿಯನ್ನು ಒಳಕ್ಕೆ ವಾಲಿಸಿದ್ದು ಅಂಚಿಗೆ ತಲುಪುವುದು ಬೂಟಿನ ಮೂಲಕ. ಅದು ಸಡಿಲವಿದ್ದರೆ ಅರ್ಧ ವಾಲುವಿಕೆ ಪ್ಲಾಸ್ಟಿಕ್ಕಿನಲ್ಲೇ ಕರಗಿಹೋಗುತ್ತದೆ. ಹಳೆಯ ಸಡಿಲ ಬೂಟಿನ ಮೇಲೆ ಹೊಸ ಸ್ಕೀ ಕೊಳ್ಳಲು ಹೊರಟವರಿಗೆ ಮೊದಲು ಬೂಟು ಬದಲಿಸಿ ಎಂದು ಹೇಳುವುದರಲ್ಲಿ ನನಗೆ ಸಂಕೋಚವಿಲ್ಲ.

ಈ ಸ್ಕೀಗಳು ಸಾಮಾನ್ಯವಾಗಿ ಪ್ಲೇಟು ಮತ್ತು ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್ ಸಮೇತ ಬರುತ್ತವೆ. ಪ್ಲೇಟು ಪಾದವನ್ನು ಎತ್ತರಿಸಿ, ಆಳವಾಗಿ ವಾಲಿದಾಗ ಬೂಟು ಹಿಮಕ್ಕೆ ತಾಗಿ ಅಂಚು ಎದ್ದುಬಿಡದಂತೆ ಕಾಯುತ್ತದೆ. ಬೂಟಿನ ಅಡಿಭಾಗ ನಡೆಯಲು ಅನುಕೂಲವಾಗುವಂತೆ ಬಾಗಿದ ಗ್ರಿಪ್‌ವಾಕ್ ಬಗೆಯದೋ ಹಳೆಯ ಚಪ್ಪಟೆ ಬಗೆಯದೋ ನೋಡಿ, ಬೈಂಡಿಂಗ್ ಅದಕ್ಕೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಎಂಬುದನ್ನು ಸೂಚಿಸುವ ಬಿಡುಗಡೆಯ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಇಳಿಯುವ ಶೈಲಿಯ ಆಧಾರದ ಮೇಲೆ ತಂತ್ರಜ್ಞರಿಂದಲೇ ಹೊಂದಿಸಿಕೊಳ್ಳಿ. ಸ್ನೇಹಿತರ ಅಂಕಿಯನ್ನು ನಕಲು ಮಾಡಬೇಡಿ.

ಅಂಚು ಮತ್ತು ಪರೀಕ್ಷೆ

ಎರಡು ಜೋಡಿಗಳನ್ನು ಹೋಲಿಸುವಾಗ ಹಲವರು ವಾಸ್ತವದಲ್ಲಿ ಹೋಲಿಸುತ್ತಿರುವುದು ಎರಡು ಅಂಚುಗಳ ಹರಿತವನ್ನು. ಸಾಣೆ ಹಿಡಿದ ಸಾಧಾರಣ ಸ್ಕೀ ಮೊಂಡಾದ ಶ್ರೇಷ್ಠ ಸ್ಕೀಗಿಂತ ಗಟ್ಟಿ ಹಿಮದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಹೆಬ್ಬೆರಳಿನ ಉಗುರಿನ ಹಿಂಬದಿಯನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ಉಗುರಿನಿಂದ ಬಿಳಿ ಪುಡಿ ಸವೆದು ಬಂದರೆ ಅಂಚು ಹರಿತವಾಗಿದೆ, ಸುಮ್ಮನೆ ಜಾರಿಹೋದರೆ ಸಾಣೆ ಬೇಕು. ಸಾಮಾನ್ಯವಾಗಿ ಬದಿಯ ಕೋನವನ್ನು 88 ಅಥವಾ 87 ಡಿಗ್ರಿಗೆ, ತಳದ ಕೋನವನ್ನು ಅರ್ಧದಿಂದ ಒಂದು ಡಿಗ್ರಿಗೆ ಇಡುತ್ತಾರೆ. ತಳದ ಕೋನ ಕಡಿಮೆಯಾದಷ್ಟೂ ಸ್ಕೀ ಬೇಗ ಹಿಡಿಯುತ್ತದೆ, ಕ್ಷಮೆಯೂ ಕಡಿಮೆಯಾಗುತ್ತದೆ. ಮೊದಲ ಸಲ ಈ ದರ್ಜೆಗೆ ಬರುವವರು ಒಂದು ಡಿಗ್ರಿ ತಳ, 88 ಡಿಗ್ರಿ ಬದಿಯಿಂದ ಆರಂಭಿಸಿದರೆ ಒಳ್ಳೆಯದು.

ಬಾಡಿಗೆಗೆ ಸಿಗುವಲ್ಲಿ ಕೊಳ್ಳುವ ಮೊದಲು ಎರಡು ಬಗೆಗಳನ್ನಾದರೂ ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಬಳಸಿ ನೋಡಿ. ಬೇರೆಬೇರೆ ದಿನಗಳಲ್ಲಿ ನೋಡಿದರೆ ಹೋಲಿಕೆ ಹಿಮದ್ದಾಗುತ್ತದೆ. ಮೊದಲ ಇಳಿತ ಸ್ಕೀಗೆ ಕಾಲು ಒಗ್ಗಿಸಿಕೊಳ್ಳಲು ಇರಲಿ. ಎರಡನೆಯದರಲ್ಲಿ ಸೌಮ್ಯ ಇಳಿಜಾರಿನಲ್ಲಿ, ಕಾಲಿನಿಂದ ತಳ್ಳದೆ, ಬರೀ ವಾಲಿಸಿ ಸ್ಕೀ ತಾನಾಗಿ ತಿರುಗಲು ಬಿಡಿ. ಅದರ ಸಹಜ ತ್ರಿಜ್ಯ ಆಗ ಕಾಣುತ್ತದೆ. ಮೂರನೆಯದನ್ನು ನಿಮ್ಮ ಎಂದಿನ ವೇಗದಲ್ಲಿ, ಎಂದಿನಷ್ಟು ಕಡಿದಾದ ಇಳಿಜಾರಿನಲ್ಲಿ ಇಳಿಯಿರಿ. ಊಟದ ನಂತರ ಹಿಮ ಕೆದರಿ, ಕಾಲು ದಣಿದಿರುವ ಹೊತ್ತಿಗೆ ಎರಡೂ ಜೋಡಿಗಳನ್ನು ಮತ್ತೊಮ್ಮೆ ತೊಟ್ಟುಕೊಳ್ಳಿ. ಬೆಳಗ್ಗೆ ಮೆಚ್ಚಿದ್ದ ಜೋಡಿ ಈಗಲೂ ನಿಮ್ಮ ಮಾತು ಕೇಳುತ್ತಿದೆಯೇ ಎಂಬುದು ಎರಡೇ ತಿರುವುಗಳಲ್ಲಿ ತಿಳಿಯುತ್ತದೆ. ಆ ದಣಿದ ಇಳಿತದ ಕೊನೆಗೆ ನಿಂತು ಹಿಂದಿರುಗಿ ನೋಡಿದಾಗ, ಕೆದರಿದ ಹಿಮದ ನಡುವೆಯೂ ಎರಡು ತೆಳು ಗೆರೆಗಳನ್ನು ಬಿಟ್ಟುಬಂದಿರುವ ಜೋಡಿಯನ್ನು ಕೊಳ್ಳಿ.